ಮತ್ತೆ ಮತ್ತೆ ಬರುವ ರೋಗಿ, ಬೇಸತ್ತ ವೈದ್ಯರು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದೇನೆ. ಕುಡಿತ ಬಿಡಿಸಿ ಕಳುಹಿಸಿದವರೇ, ಅಡಿಕೆ ಕೊಯ್ಲಿನ ಕೂಲಿ ಕೈಸೇರಿದೊಡನೆ ಮತ್ತೆ ಕುಡಿದು, ನಡುಗುವ ಕೈಯೊಂದಿಗೆ ಬಂದು ನಿಲ್ಲುತ್ತಾರೆ. ನನಗೂ ನರ್ಸ್‌ಗಳಿಗೂ ಬೇಸರ ಹತ್ತಿದೆ. ಏನು ಮಾಡಲಿ?

ಉತ್ತರ: ತಮ್ಮ ಬೇಸರ ಸಹಜವಾದುದು, ಆದರೆ ಅದು ಮಾತಿನಲ್ಲಿ ಹೊರಬಿದ್ದರೆ ರೋಗಿ ಮುಂದಿನ ಬಾರಿ ಬರುವುದನ್ನೇ ಬಿಡುತ್ತಾನೆ. ಸಕ್ಕರೆ ಕಾಯಿಲೆಯವರ ಸಕ್ಕರೆ ಏರಿದಾಗ ಚಿಕಿತ್ಸೆ ಸೋತಿತೆನ್ನದೆ ಔಷಧವನ್ನು ಮರುಪರಿಶೀಲಿಸುತ್ತೇವೆ. ವ್ಯಸನವೂ ಮರುಕಳಿಸುವ ಸ್ವಭಾವದ ದೀರ್ಘಕಾಲಿಕ ಕಾಯಿಲೆಯೇ.

ಇಂತಹ ದಣಿವಿಗೆ ಒಂಟಿಯಾಗಿ ನಿರ್ಧರಿಸಬೇಕಾದ ಭಯವೇ ಬಹುಪಾಲು ಕಾರಣವೆಂದು ನನ್ನ ಅನಿಸಿಕೆ. ಕುಡಿತ ನಿಲ್ಲಿಸಿದ ಮೊದಲ 48 ಗಂಟೆಗಳಲ್ಲಿ ಫಿಟ್ಸ್, ಎರಡು-ಮೂರನೆಯ ದಿನ ಸನ್ನಿ ಕಾಣಿಸಿಕೊಳ್ಳಬಹುದು; ಗ್ಲೂಕೋಸ್ ಏರಿಸುವ ಮುನ್ನ ಥಯಾಮಿನ್ (ಬಿ1 ವಿಟಮಿನ್) ಕೊಡಬೇಕು; ನಡುಕ, ಫಿಟ್ಸ್ ತಡೆಯಲು ಕೊಡುವ ಶಮನಕಾರಿ ಔಷಧಗಳಲ್ಲಿ, ಲಿವರ್ ತೀರಾ ಕೆಟ್ಟಿದ್ದರೆ ಡಯಾಜೆಪಾಮ್‌ಗಿಂತ ಲೊರಾಜೆಪಾಮ್ ಸುರಕ್ಷಿತ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಂಜೆಕ್ಷನ್ ಕೋಣೆಯ ಗೋಡೆಗೆ ಅಂಟಿಸಿದರೆ ರಾತ್ರಿ ಪಾಳಿಯವರ ಗಾಬರಿ ಎಷ್ಟೋ ತಗ್ಗುತ್ತದೆ. ಮತಿಗೆಟ್ಟವರಂತೆ ಮಾತನಾಡುವವರನ್ನು, ಫಿಟ್ಸ್ ಮರುಕಳಿಸುವವರನ್ನು ತಡಮಾಡದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸಿ. ಮಳೆಗಾಲದಲ್ಲಂತೂ ಕತ್ತಲಾಗುವವರೆಗೆ ಕಾಯಬಾರದು.

ಬೆಂಗಳೂರಿನ ನಿಮ್ಹಾನ್ಸ್, ವ್ಯಸನ ಚಿಕಿತ್ಸೆಯ ಕುರಿತು ವೈದ್ಯರಿಗೆ ವಿಡಿಯೊ ಮೂಲಕ ತರಬೇತಿಯನ್ನೂ ರೋಗಿಗಳ ಕುರಿತ ಚರ್ಚೆಯನ್ನೂ ನಡೆಸಿಕೊಂಡು ಬಂದಿದೆ. ಅದರಲ್ಲಿ ಸೇರಲು ಪ್ರಯತ್ನಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರೊಂದಿಗೆ ಫೋನಿನ ಬಳಕೆ ಇರಲಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ರೋಗಿಯ ಮನೆಯವರಿಗಷ್ಟೇ ಅಲ್ಲ, ನಿದ್ದೆಗೆಟ್ಟ ವೈದ್ಯರಿಗೂ ತೆರೆದಿದೆ. ವಾರಕ್ಕೊಮ್ಮೆ ನರ್ಸ್, ಆಶಾ ಕಾರ್ಯಕರ್ತೆಯರೊಂದಿಗೆ ಕುಳಿತು ಕಷ್ಟದ ಒಬ್ಬ ರೋಗಿಯ ಬಗ್ಗೆ ಮಾತನಾಡುವಾಗ, ಕುಡಿಯದೆ ಕಳೆದ ತಿಂಗಳುಗಳನ್ನೂ ದಾಖಲೆಯಲ್ಲಿ ಬರೆಸಿ.