ಇಂಜಿನ್‌ಗೆ ಡಿಜಿಟಲ್ ವರ್ನಿಯರ್ ಬೇಡ, 50–75 ಮಿ.ಮೀ.ನ ಮೈಕ್ರೋಮೀಟರ್ ತಗೊಳ್ಳಿ

ಅಪ್ಪನ ಹಳೆಯ ಸ್ಪ್ಲೆಂಡರ್ ಇಂಜಿನ್ ನೀವೇ ಬಿಚ್ಚಿ ಕಟ್ಟಬೇಕು ಅಂತಿದ್ದೀರಿ. ಊರು ಗೌರಿಬಿದನೂರು. ಐದಾರು ಸಾವಿರದೊಳಗೆ ಯಾವ ಡಿಜಿಟಲ್ ವರ್ನಿಯರ್ (ದವಡೆಗಳಿಂದ ಅಳೆದು ಪರದೆಯಲ್ಲಿ ಅಂಕಿ ತೋರಿಸುವ ಸಾಧನ) ಒಳ್ಳೆಯದು, ಇಲ್ಲ ಆನ್‌ಲೈನ್‌ನಲ್ಲಿ ಸಿಗುವ ಅಳತೆ ಸಾಮಾನಿನ ಪೂರ್ತಿ ಸೆಟ್ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ತುಮಕೂರಿನಲ್ಲಿ ಇದೇ ದಾರಿಯಲ್ಲಿ ಹೋಗಿ ಒಂದು ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಹಾಳು ಮಾಡಿದವನು.

ನಮ್ಮ ಮನೆಯಲ್ಲಿ ಮಾವ ಓಡಿಸಿ ಬಿಟ್ಟಿದ್ದ ಬುಲೆಟ್ 350 ಇತ್ತು. ಎರಕದ ಕಬ್ಬಿಣದ ಬ್ಲಾಕಿನ ಹಳೇ ಗಾಡಿ. ಬೋರ್ (ಸಿಲಿಂಡರಿನ ಒಳ ವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 90, ಒಟ್ಟು 346 ಸಿಸಿ. ಹೊಗೆ ಜಾಸ್ತಿಯಾಗಿತ್ತು, ಆಯಿಲ್ ಕುಡಿಯುತ್ತಿತ್ತು. ಹೆಡ್ ಬಿಚ್ಚಿ, ಬ್ಲಾಕ್ ಎತ್ತಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸದಾಗಿ ತಂದಿದ್ದ ಡಿಜಿಟಲ್ ವರ್ನಿಯರ್ ಇಟ್ಟು ನೋಡಿದೆ. 70.02 ಅಂತ ತೋರಿಸಿತು. ಅಂದರೆ ಬೋರ್ ಸವೆದೇ ಇಲ್ಲ, ಬರೀ ರಿಂಗ್ (ಪಿಸ್ಟನ್ ಸುತ್ತ ಕೂರುವ ಬಳೆ) ಹೋಗಿದೆ ಅಂತ ಅಂದುಕೊಂಡೆ. ಹಳೇ ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿ ಕಟ್ಟಿದೆ.

ಆ 70.02 ಎಲ್ಲಿಂದ ಬಂತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಬ್ಲಾಕೂ ನಿಮಗೆ ಅದನ್ನೇ ತೋರಿಸುತ್ತದೆ. ಪಿಸ್ಟನ್ ಮೇಲೆ ಬಂದಾಗ ಮೊದಲ ರಿಂಗ್ ಬ್ಲಾಕಿನ ತುದಿಯವರೆಗೆ ಹೋಗುವುದಿಲ್ಲ. ತುದಿಗಿಂತ ಕೆಲವು ಮಿಲಿಮೀಟರ್ ಕೆಳಗೇ ನಿಂತು ವಾಪಸ್ ಇಳಿಯುತ್ತದೆ. ಹಾಗಾಗಿ ಬ್ಲಾಕಿನ ಬಾಯಿಯ ಸುತ್ತ ಒಂದು ಸಣ್ಣ ಪಟ್ಟಿ ಎಷ್ಟು ವರ್ಷ ಓಡಿದರೂ ಸವೆಯುವುದಿಲ್ಲ. ಅದರ ಕೆಳಗೆ, ರಿಂಗ್ ನಿಂತು ತಿರುಗುವ ಜಾಗದಲ್ಲೇ, ಸವೆತ ಎಲ್ಲಕ್ಕಿಂತ ಜಾಸ್ತಿ. ಅಲ್ಲಿ ಬಿಸಿ ಜಾಸ್ತಿ, ಗ್ಯಾಸಿನ ಒತ್ತಡ ಜಾಸ್ತಿ, ಆಯಿಲ್ ಪದರ ತೆಳ್ಳಗೆ. ಈ ಎರಡರ ನಡುವೆ ಒಂದು ಮೆಟ್ಟಿಲು ಹುಟ್ಟಿಕೊಂಡಿರುತ್ತದೆ. ಕಾರ್ಬನ್ ಒರೆಸಿ ಕೆಳಗಿನಿಂದ ಮೇಲಕ್ಕೆ ಉಗುರು ಎಳೆದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಈಗ ವರ್ನಿಯರಿನ ಮೇಲಿನ ಚಿಕ್ಕ ದವಡೆಗಳನ್ನು ನೋಡಿ. ಅವು ಒಳಕ್ಕೆ ಇಳಿಯುವುದೇ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ಅಂಚು ನೇರ. ನೇರ ಅಂಚು ಎಲ್ಲಿ ಇಕ್ಕಟ್ಟಾಗಿದೆಯೋ ಅಲ್ಲಿ ಮಾತ್ರ ತಾಗುತ್ತದೆ, ಅಂದರೆ ಸವೆಯದ ಪಟ್ಟಿಗೆ. ಅದರ ಕೆಳಗೇ ಇರುವ ಹಳ್ಳ ಅದಕ್ಕೆ ಕಾಣುವುದೇ ಇಲ್ಲ. ವರ್ನಿಯರ್ ಸುಳ್ಳು ಹೇಳಲಿಲ್ಲ. ಬ್ಲಾಕ್ ಕಾರ್ಖಾನೆಯಿಂದ ಬಂದ ದಿನ ಎಷ್ಟಿತ್ತು ಅಂತ ಸರಿಯಾಗಿಯೇ ಹೇಳಿತು. ಈಗ ಎಷ್ಟಿದೆ ಅಂತ ಹೇಳಲು ಅದರ ಕೈಲಿ ಆಗುವುದಿಲ್ಲ. ಹತ್ತು ಸಾವಿರದ ವರ್ನಿಯರ್ ತಂದರೂ ದವಡೆ ಅಷ್ಟೇ ಉದ್ದ ಅಲ್ವಾ?

ಮುಂದೆ ಆದದ್ದು ಇದು. ಹಳೇ ರಿಂಗಿನ ಮೇಲಂಚು ಬೋರ್ ಜೊತೆಗೇ ಸವೆದು ದುಂಡಗಾಗಿತ್ತು, ಆ ಮೆಟ್ಟಿಲಿಗೆ ಹೊಂದಿಕೊಂಡಿತ್ತು. ಹೊಸ ರಿಂಗಿನ ಅಂಚು ಚೂಪು. ಪ್ರತಿ ಸಲ ಮೇಲೆ ಬಂದಾಗಲೂ ಮೆಟ್ಟಿಲಿಗೆ ಬಡಿಯತೊಡಗಿತು. ದೇವರಾಯನದುರ್ಗದ ಏರಿನಲ್ಲಿ ಟಿಕ್ ಟಿಕ್ ಶಬ್ದ ಶುರುವಾಯಿತು, ವಾಲ್ವ್ ಕಡೆಯ ಟ್ಯಾಪೆಟ್ ಶಬ್ದ ಇರಬೇಕು ಅಂತ ಓಡಿಸುತ್ತಲೇ ಇದ್ದೆ. ರಿಂಗ್ ಮುರಿದು ಬೋರಿನ ಉದ್ದಕ್ಕೂ ಗೀರು ಎಳೆಯಿತು. ಸವೆದ ಬೋರನ್ನು ಕೊರೆದು ಕೊಡುವ ಬೋರಿಂಗ್ ಅಂಗಡಿಯ ಯಜಮಾನರು ತಮ್ಮ ಬೋರ್ ಗೇಜ್ (ಒಳ ವ್ಯಾಸ ನೋಡುವ ಮುಳ್ಳಿನ ಸಾಧನ) ಇಳಿಸಿ, ಮುಳ್ಳು ನೋಡಿ, "ಇದನ್ನ ಅಳೆದವರು ಯಾರಪ್ಪಾ?" ಅಂದರು. 0.50 ಓವರ್‌ಸೈಜಿಗೆ (ಬೋರನ್ನು 0.50 ಮಿ.ಮೀ. ಅಗಲಿಸಿ ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಹಾಕುವುದು) ಮುಗಿಯಬೇಕಿದ್ದ ಬ್ಲಾಕ್ ಗೀರಿನ ದೆಸೆಯಿಂದ 1.00ಕ್ಕೆ ಹೋಯಿತು. ಇನ್ನು ಅದರಲ್ಲಿ ಬೋರ್ ಮಾಡಿಸಲು ಜಾಗ ಇಲ್ಲ, ಮುಂದಿನ ಸಲ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್, ಹಾಕಿಸಬೇಕು.

ವರ್ನಿಯರ್ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. ಪರದೆಯ ಮೇಲೆ 0.01 ಕಂಡರೂ ಒಳ್ಳೆಯ ಡಿಜಿಟಲ್ ವರ್ನಿಯರಿಗೂ 0.02ರಷ್ಟು ಆಚೀಚೆ ಇದ್ದೇ ಇರುತ್ತದೆ. ಹೆಬ್ಬೆರಳು ಎಷ್ಟು ಒತ್ತಿತು ಅನ್ನುವುದರ ಮೇಲೂ ಅಂಕಿ ಬದಲಾಗುತ್ತದೆ. ನೀವು ಹುಡುಕುತ್ತಿರುವ ಪಿಸ್ಟನ್–ಬೋರ್ ನಡುವಿನ ಪ್ಲೇ (ಸಂದು) ಇರುವುದೇ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. ತಪ್ಪೇ ಅಳತೆಯಷ್ಟು ದೊಡ್ಡದಾದರೆ ಅಳೆದು ಏನು ಬಂತು? ವರ್ನಿಯರ್ ಮನೆಯಲ್ಲಿ ಇರಲಿ, ಬೋಲ್ಟ್, ಸ್ಪ್ರಿಂಗ್, ವಾಷರ್ ನೋಡಲು ಆಗುತ್ತದೆ. ಅದಕ್ಕೆ ಕಡಿಮೆ ಬೆಲೆಯದೇ ಸಾಕು.

ನಿಮ್ಮ ದುಡ್ಡು ಹೋಗಬೇಕಾದ್ದು ಎರಡೇ ಸಾಮಾನಿಗೆ. ಒಂದು ಹೊರ ಅಳತೆಯ ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ಎರಡು ಮುಖಗಳ ನಡುವೆ ಹಿಡಿದು ಅಳೆಯುವುದು), ಇನ್ನೊಂದು ಡಯಲ್ ಬೋರ್ ಗೇಜ್. ಇವೆರಡರಲ್ಲಿ ಮೈಕ್ರೋಮೀಟರಿಗೆ ಜಾಸ್ತಿ ಖರ್ಚು ಮಾಡಿ. ಬೋರ್ ಗೇಜ್ ಅಗ್ಗದ್ದಾದರೂ ನಡೆಯುತ್ತದೆ.

ಯಾಕೆಂದರೆ ಬೋರ್ ಗೇಜ್ ತಾನಾಗಿ ಏನನ್ನೂ ಅಳೆಯುವುದಿಲ್ಲ. ಮೈಕ್ರೋಮೀಟರನ್ನು 50.00ಕ್ಕೆ ಇಟ್ಟು, ಅದರ ನಡುವೆ ಗೇಜಿನ ತಲೆ ಹಿಡಿದು, ಮುಳ್ಳನ್ನು ಸೊನ್ನೆಗೆ ತಿರುಗಿಸುತ್ತೀರಿ. ಆಮೇಲೆ ಬೋರಿಗೆ ಇಳಿಸಿದರೆ 50.00ಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ಅಷ್ಟೇ ಹೇಳುತ್ತದೆ. ಈಗ ಅದೇ ಮೈಕ್ರೋಮೀಟರಿನಲ್ಲಿ ಪಿಸ್ಟನ್ನನ್ನೂ ಅಳೆಯಿರಿ. ಮೈಕ್ರೋಮೀಟರ್ 0.01 ಹೆಚ್ಚು ತೋರಿಸುವಂಥದ್ದು ಅಂತಿಟ್ಟುಕೊಳ್ಳಿ. ಪಿಸ್ಟನ್ 0.01 ಹೆಚ್ಚು ಓದಿತು, ಬೋರೂ 0.01 ಹೆಚ್ಚು ಓದಿತು, ಕಳೆದಾಗ ತಪ್ಪು ಮಾಯ. ನಿಮಗೆ ಬೇಕಿದ್ದದ್ದು ಕಳೆದು ಉಳಿಯುವ ಪ್ಲೇ ತಾನೇ. ಅದಕ್ಕೇ ಪಿಸ್ಟನ್ನಿಗೆ ನಿಮ್ಮ ಮೈಕ್ರೋಮೀಟರ್, ಬೋರಿಗೆ ಅಂಗಡಿಯವರ ಗೇಜ್ ಅಂತ ಬೆರೆಸಬೇಡಿ.

ಸೈಜ್ ನೋಡಿ ತಗೊಳ್ಳಿ. ಸ್ಪ್ಲೆಂಡರ್ 97.2 ಸಿಸಿ, ಬೋರ್ 50, ಸ್ಟ್ರೋಕ್ 49.5. ಈ 50 ಅನ್ನುವುದು ತಲೆನೋವಿನ ಜಾಗ. ಮೈಕ್ರೋಮೀಟರ್‌ಗಳು 25ರಿಂದ 50 ಮಿ.ಮೀ. ಅಳೆಯುವ 25–50, ಅದರ ಮುಂದಿನ 50–75 ಅಂತ ಬರುತ್ತವೆ. ಸ್ಟ್ಯಾಂಡರ್ಡ್ ಪಿಸ್ಟನ್ 50ಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಹಾಗಾಗಿ 25–50ರಲ್ಲಿ ಬೀಳುತ್ತದೆ. ಬೋರ್ 50ಕ್ಕಿಂತ ಮೇಲೆ. ಆದರೆ ಅಷ್ಟು ವರ್ಷ ಓಡಿದ ಗಾಡಿಗೆ ಬಹುಶಃ ಓವರ್‌ಸೈಜ್ ಪಿಸ್ಟನ್ನೇ ಬರುತ್ತದೆ. 0.25 ಹಾಕಿದರೂ ಪಿಸ್ಟನ್, ಬೋರ್ ಎರಡೂ 50 ದಾಟುತ್ತವೆ. ಆದ್ದರಿಂದ 50–75 ಒಂದೇ ಸಾಕು. ಅದರ ಡಬ್ಬಿಯಲ್ಲಿ ಸೊನ್ನೆ ನೋಡಲು 50 ಮಿ.ಮೀ.ನ ಸರಳು ಬರುತ್ತದೆ, ಅದಿಲ್ಲದ್ದನ್ನು ಮುಟ್ಟಬೇಡಿ. ಮುಂದೆ ಯಾರಾದರೂ ಬುಲೆಟ್ ತಂದರೆ ಅದರ 70 ಕೂಡ ಇದರಲ್ಲೇ ಆಗುತ್ತದೆ. ಬೋರ್ ಗೇಜ್ ಮಾತ್ರ 35–60ರದ್ದು ತಗೊಳ್ಳಿ. ಎಲ್ಲ ಕಡೆ ಸಿಗುವುದು 50–160, ಅದರಲ್ಲಿ ಸ್ಪ್ಲೆಂಡರ್ ಬೋರ್ ತೀರಾ ಅಂಚಿಗೆ ಬೀಳುತ್ತದೆ.

ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಎಸ್‌ಜೆಪಿ ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ಪಿಸ್ಟನ್, ರಿಂಗ್ ಬೇಕಾದರೆ ಜೆಸಿ ರಸ್ತೆಯಲ್ಲಿ ನೋಡಬಹುದು. ಜಪಾನಿನ ಮಿಟುಟೊಯೊ ಕಂಪನಿಯದು ಸಿಕ್ಕರೆ ಚೆನ್ನ, ಆದರೆ ಆ ಹೆಸರಿನ ನಕಲಿ ಮಾಲು ಬಹಳ. ತೀರಾ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬಿಟ್ಟು ಬನ್ನಿ. ಪುಣೆಯ ಬೇಕರ್, ಚೀನಾದ ಇನ್‌ಸೈಜ್ ಎರಡೂ ನಿಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ತಪ್ಪಿಲ್ಲ, ತುಕ್ಕು ಹಿಡಿದ ಮುಖ ಇರಬಾರದು, ತಿರುಗಿಸುವಾಗ ಎಲ್ಲೂ ಬಿಗಿಯಬಾರದು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಎರಡೂ ಮುಖ ಒರೆಸಿ, ಸರಳು ಇಟ್ಟು, ಸೊನ್ನೆ ಗೆರೆಗೆ ಗೆರೆ ಕೂರುತ್ತದಾ ನೋಡಿ. 50ಕ್ಕಿಂತ ಮೇಲಿನ ಅಳತೆಗಳಿಗೆ ಹೊಸ ಬೇರಿಂಗ್ ಒಳ್ಳೆಯ ಸಾಕ್ಷಿ. 6205 ಬೇರಿಂಗಿನ ಹೊರ ವ್ಯಾಸ 52 ಮಿ.ಮೀ., 6207ರದ್ದು 72. ಹೆಸರಾಂತ ಕಂಪನಿಯ ಬೇರಿಂಗ್ ಆದರೆ 52ಕ್ಕಿಂತ ಹೆಚ್ಚಿರುವುದಿಲ್ಲ, ಕಡಿಮೆ ಇದ್ದರೂ 0.013ರ ಒಳಗೇ ಇರುತ್ತದೆ. ನಿಮ್ಮ ಮೈಕ್ರೋಮೀಟರ್ 52.03 ಅಂದರೆ ವಾಪಸ್ ಕೊಟ್ಟುಬಿಡಿ.

ಹಿಡಿಯುವುದು ಕಲಿಯಲು ಸ್ವಲ್ಪ ಸಮಯ ಬೇಕು. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದಾಗ ಅಲ್ಲಿ ದುಡಿದಿದ್ದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ನಾನು ಮೈಕ್ರೋಮೀಟರಿನ ಬುಡ ಹಿಡಿದು ತಿರುಗಿಸುವುದನ್ನು ನೋಡಿ, "ಅದೇನು ಬೆಂಚ್ ವೈಸಾ ಬಿಗಿಯೋಕೆ? ರಾಚೆಟ್ ತಿರುಗಿಸು, ಟಕ್ ಟಕ್ ಅಂದ ಮೇಲೆ ಕೈ ಬಿಡು" ಅಂದರು. ಒಂದೇ ಪಿಸ್ಟನ್ನನ್ನು ಮತ್ತೆ ಮತ್ತೆ ಅಳೆದು, ಪ್ರತಿ ಸಲವೂ ಒಂದೇ ಅಂಕಿ ಬರುವ ತನಕ ಬೋರಿಗೆ ಕೈ ಹಾಕಬೇಡಿ. ಪಿಸ್ಟನ್ ಅಳೆಯುವುದು ಗಜನ್ ಪಿನ್ನಿಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ಅಡ್ಡಲಾಗಿ, ಸ್ಕರ್ಟಿನ, ಅಂದರೆ ಪಿಸ್ಟನ್ನಿನ ಕೆಳಗಿನ ಗೋಡೆಯ, ಕೆಳತುದಿಯಿಂದ ಸ್ವಲ್ಪ ಮೇಲೆ. ಎಷ್ಟು ಮೇಲೆ ಅಂತ ಮ್ಯಾನುಯಲ್‌ನಲ್ಲಿ ಇರುತ್ತದೆ.

ಬೋರ್ ಗೇಜ್ ಇಳಿಸಿದ ಮೇಲೆ ಹಿಡಿಯನ್ನು ನಿಧಾನಕ್ಕೆ ಹಿಂದೆ ಮುಂದೆ ತೂಗಿ. ಮುಳ್ಳು ಬಲಕ್ಕೆ ಹೋಗಿ, ಒಂದು ಗೆರೆಯಲ್ಲಿ ನಿಂತು, ಎಡಕ್ಕೆ ತಿರುಗುತ್ತದೆ. ತಿರುಗಿದ ಆ ಗೆರೆಯೇ ನಿಮ್ಮ ಅಳತೆ. ಸಾಮಾನ್ಯವಾಗಿ ಮುಳ್ಳು ಸೊನ್ನೆಯ ಬಲಕ್ಕೆ ಇದ್ದರೆ ಬೋರ್ ಚಿಕ್ಕದು, ಎಡಕ್ಕಿದ್ದರೆ ದೊಡ್ಡದು. ಹೊಸಬರು ಇದನ್ನೇ ಉಲ್ಟಾ ಓದುತ್ತಾರೆ. ಮೇಲೆ, ನಡುವೆ, ಕೆಳಗೆ, ಮೂರು ಕಡೆ ನೋಡಿ. ಪ್ರತಿ ಕಡೆಯೂ ಒಮ್ಮೆ ಕ್ರ್ಯಾಂಕಿನ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಮೇಲೆ ಅಂದರೆ ಉಗುರಿಗೆ ಸಿಗುವ ಮೆಟ್ಟಿಲಿನ ಕೆಳಗೆ, ಅದರ ಮೇಲಲ್ಲ!

ಬಿಸಿಲಿನಲ್ಲಿ ಅಳೆಯಬೇಡಿ. ನಮ್ಮ ಕಡೆ ತಗಡಿನ ಶೆಡ್ಡು ಮಧ್ಯಾಹ್ನ ಒಲೆಯಾಗಿರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. 70 ಮಿ.ಮೀ. ಪಿಸ್ಟನ್ 10 ಡಿಗ್ರಿ ಬಿಸಿಯಾದರೆ ಸುಮಾರು 0.016 ದಪ್ಪ ಆಗುತ್ತದೆ, ನಿಮ್ಮದು 0.011ರ ಹತ್ತಿರ. ಬ್ಲಾಕ್, ಪಿಸ್ಟನ್, ಮೈಕ್ರೋಮೀಟರ್ ಮೂರನ್ನೂ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿಟ್ಟು ಬೆಳಗ್ಗೆ ಅಳೆಯಿರಿ.

ಇದರ ಜೊತೆ ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡಿನ ಎಲೆಗಳ ಕಟ್ಟು) ಬೇಕು, ಅದಕ್ಕೆ ಹೆಚ್ಚು ದುಡ್ಡಿಲ್ಲ. ರಿಂಗನ್ನು ಬೋರಿಗೆ ಹಾಕಿ, ಪಿಸ್ಟನ್ ತಲೆಯಿಂದ ಸಮನಾಗಿ ತಳ್ಳಿ, ತುದಿಗಳ ಗ್ಯಾಪ್ ನೋಡಿ. ಮ್ಯಾನುಯಲ್ ಸಿಗದಿದ್ದರೆ ಪೆಟ್ರೋಲ್ ಇಂಜಿನ್‌ಗೆ ಬೋರಿನ ಪ್ರತಿ ಮಿಲಿಮೀಟರಿಗೆ 0.004 ಅನ್ನುವ ಹಳೇ ಲೆಕ್ಕ ಇದೆ, 50ಕ್ಕೆ 0.20 ಆಗುತ್ತದೆ. ಸೆಟ್ಟಿನಲ್ಲಿ ಬರುವ ಟೆಲಿಸ್ಕೋಪಿಕ್ ಗೇಜ್ (ಇದೂ ಒಳ ಅಳತೆಗೇ), ಪ್ಲಾಸ್ಟಿಗೇಜ್ (ಶೆಲ್ ಬೇರಿಂಗಿನ ಸಂದು ನೋಡುವ ಪ್ಲಾಸ್ಟಿಕ್ ಎಳೆ) ನಿಮಗೆ ಬೇಡ. ಸ್ಪ್ಲೆಂಡರಿನ ಬಿಗ್ ಎಂಡಿನಲ್ಲಿ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ತುದಿ) ಇರುವುದು ರೋಲರ್, ಶೆಲ್ ಬೇರಿಂಗ್ ಅಲ್ಲ. ಕ್ರ್ಯಾಂಕ್ ಪ್ರೆಸ್ ಮಾಡಿದ್ದು, ಅದನ್ನು ಮನೆಯಲ್ಲಿ ಬಿಚ್ಚಬೇಡಿ.

ಬೋರ್ ಮಾಡಿಸಬೇಕಾದರೆ ಮೊದಲು ಪಿಸ್ಟನ್ ತಂದು, ಬ್ಲಾಕಿನ ಜೊತೆಗೇ ಅಂಗಡಿಗೆ ಕೊಡಿ. ಪಿಸ್ಟನ್ ನೋಡಿ ಬೋರ್ ಮಾಡಲಿ. "0.25 ಹೊಡೆದಿಟ್ಟಿರ್ತೀನಿ, ಆಮೇಲೆ ತಗೊಂಡ್ ಬಾ" ಅಂದರೆ ಒಪ್ಪಬೇಡಿ. ಎಷ್ಟು ಪ್ಲೇ ಬೇಕು ಅಂತ ಚೀಟಿಯಲ್ಲಿ ಬರೆದು ಕೊಡಿ. ವಾಪಸ್ ಬಂದ ಬ್ಲಾಕನ್ನು ಕಟ್ಟುವ ಮುಂಚೆ ನೀವೇ ಅಳೆದು ನೋಡಿ.

ಅದಕ್ಕೂ ಮೊದಲು ಈಗಿನ ಬ್ಲಾಕಿನ ಆರು ಅಳತೆ, ಹಳೇ ಪಿಸ್ಟನ್ನಿನ ತಲೆಯ ಮೇಲೆ ಏನಾದರೂ ನಂಬರ್ ಇದ್ದರೆ ಅದನ್ನೂ ಇಲ್ಲಿ ಬರೆದು ಹಾಕಿ. ರಿಂಗ್ ಸಾಕಾ, ಬೋರ್ ಮಾಡಿಸಬೇಕಾ ಅಂತ ಒಟ್ಟಿಗೆ ನೋಡೋಣ.