ಚೀಟಿಗಾಗಿ ಕೈಚಾಚುವ ಮಕ್ಕಳು

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಗೋಡೆಯ ಮೇಲೆ 22 ನಿಯಮಗಳ ಫಲಕವಿದ್ದರೂ, ಒಬ್ಬ ಶಿಕ್ಷಕರ ತರಗತಿಯಲ್ಲಿ ಸುಮ್ಮನಿರುವ ಮಕ್ಕಳು ಇನ್ನೊಬ್ಬರ ತರಗತಿಯಲ್ಲಿ ಗದ್ದಲವೆಬ್ಬಿಸುತ್ತಾರೆ. ಒಳ್ಳೆಯ ನಡವಳಿಕೆಗೆ ನಕ್ಷತ್ರದ ಚೀಟಿ ಕೊಡತೊಡಗಿದೆವು. ಈಗ ಬಿದ್ದ ಪೆನ್ನು ಎತ್ತಿಕೊಟ್ಟವರೂ ‘ಚೀಟಿ ಎಲ್ಲಿ?’ ಎನ್ನುತ್ತಾರೆ. ನಾವು ತಪ್ಪಿದ್ದೆಲ್ಲಿ?

ಉತ್ತರ: ಈ ಕೆಲಸ ಶಿಕ್ಷಕರ ಕೊಠಡಿಯಿಂದ ಆರಂಭವಾಗಬೇಕಿತ್ತು. ಮನೆಗೆಲಸ ಮಾಡಿಕೊಂಡು ಬಾರದವರನ್ನು ಒಬ್ಬರು ಹೊರಗೆ ನಿಲ್ಲಿಸಿ, ಮತ್ತೊಬ್ಬರು ನಕ್ಕು ಸುಮ್ಮನಾದರೆ, ಮಕ್ಕಳು ಯಾರ ಮುಂದೆ ಹೇಗಿರಬೇಕೆಂಬ ಲೆಕ್ಕಾಚಾರವನ್ನಷ್ಟೇ ಕಲಿಯುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳೆಸಿದ, ಇಡೀ ಶಾಲೆಗೆ ಒಂದೇ ಚೌಕಟ್ಟು ಹಾಕಿಕೊಳ್ಳುವ ವಿಧಾನದಲ್ಲಿ, ಸಿಬ್ಬಂದಿಯ ಪೈಕಿ ಶೇ. 80ರಷ್ಟು ಮಂದಿಯಾದರೂ ಒಪ್ಪಿದ ಮೇಲೆಯೇ ಮುಂದುವರಿಯಬೇಕೆಂಬ ರೂಢಿ ಬೆಳೆದದ್ದು ಇದೇ ಕಾರಣಕ್ಕೆ.

ಅದೇ ವಿಧಾನದಲ್ಲಿ ನಿಯಮಗಳು ಮೂರರಿಂದ ಐದು ಮಾತ್ರ. ಅವೂ ‘ಓಡಬೇಡಿ’ ಎಂದಲ್ಲ, ‘ಒಂದೇ ಬದಿಯಲ್ಲಿ ನಡೆಯಿರಿ’ ಎಂಬ ಧಾಟಿಯವು. ನಿಮ್ಮ 22 ನಿಯಮಗಳನ್ನು ಶಿಕ್ಷಕರೇ ನೋಡದೆ ಹೇಳಬಲ್ಲರೇ? ‘ಪರಸ್ಪರ ಗೌರವ’ ಎಂದು ಬರೆದು ತೂಗುಹಾಕಿದರೆ ಸಾಲದು. ನಲ್ಲಿಯ ಮುಂದಿನ ಸಾಲಿನಲ್ಲಿ ಅದರ ಅರ್ಥವೇನು ಎಂಬುದನ್ನು ಮಕ್ಕಳನ್ನು ಅಲ್ಲಿಗೇ ಕರೆದೊಯ್ದು, ಗಣಿತದ ಲೆಕ್ಕದಂತೆ ಮಾಡಿ ತೋರಿಸಿ, ಅವರಿಂದಲೂ ಮಾಡಿಸಬೇಕು. ದೀರ್ಘ ರಜೆಯ ನಂತರ ಮತ್ತೊಮ್ಮೆ ಕಲಿಸಬೇಕಾಗುತ್ತದೆ.

ಇನ್ನು ಚೀಟಿಯ ವಿಷಯ. ಚಿತ್ರ ಬಿಡಿಸುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ ಪುಟ್ಟ ಮಕ್ಕಳ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಹುಮಾನ ಸಿಗುತ್ತದೆಂದು ಮೊದಲೇ ತಿಳಿದಿದ್ದವರ ಆಸಕ್ತಿ ಆಮೇಲೆ ಕುಗ್ಗಿತು. ನಿರೀಕ್ಷೆಯಿಲ್ಲದೆ ಬಹುಮಾನ ಪಡೆದವರಲ್ಲಿ ಹಾಗಾಗಲಿಲ್ಲ. ನಿಮ್ಮಲ್ಲಿ ಚೀಟಿ ಕೂಲಿಯಾಗಿಬಿಟ್ಟಿದೆ. ಅದನ್ನು ಒಮ್ಮೆಲೇ ಕಿತ್ತುಕೊಳ್ಳದೆ, ಕ್ರಮೇಣ ವಿರಳಗೊಳಿಸಿ, ಆ ಜಾಗಕ್ಕೆ ಮಾತನ್ನು ತನ್ನಿ. ‘ಗುಡ್’ ಎಂಬುದು ಏನನ್ನೂ ಹೇಳುವುದಿಲ್ಲ. ‘ಆ ಚಿಕ್ಕವಳಿಗೆ ಮೊದಲು ನೀರು ಹಿಡಿಯಲು ಬಿಟ್ಟೆಯಲ್ಲ, ನೋಡಿದೆ’ ಎಂದರೆ ಮಗುವಿಗೆ ತಾನು ಮಾಡಿದ್ದೇನೆಂದು ತಿಳಿಯುತ್ತದೆ. ಹದಿಹರೆಯದವರಿಗಾದರೆ ಇದನ್ನು ಹತ್ತಿರ ಹೋಗಿ ಮೆಲ್ಲಗೆ ಹೇಳಿ. ತರಗತಿಯೆದುರಿನ ಹೊಗಳಿಕೆ ಅವರಿಗೆ ಶಿಕ್ಷೆಯೇ ಸರಿ.

ಜೊತೆಗೆ ಒಂದು ತಿಂಗಳ ಕಾಲ ಪ್ರತಿ ಜಗಳದ ಜಾಗ ಮತ್ತು ಹೊತ್ತನ್ನು ಬರೆದಿಡಿ. ಹೆಚ್ಚಿನವು ಊಟದ ಗಂಟೆಯ ನಂತರ ಮೆಟ್ಟಿಲ ಮೇಲೆಯೇ ನಡೆದಿದ್ದರೆ, ಎರಡು ಮಹಡಿಗಳ ಮಕ್ಕಳನ್ನು ಐದು ನಿಮಿಷದ ಅಂತರದಲ್ಲಿ ಬಿಡುವುದು ಉಪದೇಶಕ್ಕಿಂತ ಮೇಲು.

ಇಷ್ಟಾದರೂ ಬದಲಾಗದ ಕೆಲವರು ಉಳಿಯುತ್ತಾರೆ. ಅಂಥವರಿಗೆ ದಂಡನೆ ಹೆಚ್ಚಿಸುವ ಮೊದಲು, ಆ ವರ್ತನೆಯಿಂದ ಅವರಿಗೆ ಏನು ದಕ್ಕುತ್ತಿದೆ ಎಂದು ಗಮನಿಸಿ. ಗಟ್ಟಿಯಾಗಿ ಓದುವ ಸರದಿ ಬಂದಾಗಲೆಲ್ಲ ಕೀಟಲೆ ಮಾಡಿ ಹೊರಗೆ ಕಳುಹಿಸಿಕೊಳ್ಳುವ ಹುಡುಗನಿಗೆ ಆ ಶಿಕ್ಷೆಯೇ ಬಿಡುಗಡೆ. ಅವನಿಗೆ ಬೇಕಾದದ್ದು ದಿನಕ್ಕೆ ಹದಿನೈದು ನಿಮಿಷ ಪಕ್ಕದಲ್ಲಿ ಕುಳಿತು ಓದಿಸುವ ಒಬ್ಬ ಶಿಕ್ಷಕರು.