ಊರಿಗೆ ಬಂದ ಕಲಾವಿದರು, ಊರಿಗೆ ಗೊತ್ತಿಲ್ಲದ ಲೆಕ್ಕ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಚಿಕ್ಕ ಊರು. ಬೆಂಗಳೂರಿನ ಕೆಲವರು ಇಲ್ಲಿನ ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿದು ‘ಸಮುದಾಯ ರೆಸಿಡೆನ್ಸಿ’ ಅಂತ ಬೋರ್ಡ್ ಹಾಕಿದ್ದಾರೆ. ಕಲಾವಿದರು, ಬರಹಗಾರರು ಬಂದು ತಿಂಗಳುಗಟ್ಟಲೆ ಇದ್ದು ಹೋಗುತ್ತಾರೆ. ಒಳ್ಳೆಯವರೇ. ಆದರೆ ದುಡ್ಡು ಎಲ್ಲಿಂದ ಬರುತ್ತದೆ, ಇಲ್ಲಿ ಅವರ ಕೆಲಸ ಏನು ಅಂತ ಯಾರಿಗೂ ಗೊತ್ತಿಲ್ಲ. ‘ಫಾರಿನ್ ದುಡ್ಡು’ ಅಂತ ಗುಸುಗುಸು. ಒಬ್ಬರು ನಮ್ಮ ಅತ್ತೆ ಹತ್ತಿರ ಬಿಟ್ಟಿಯಾಗಿ ಹಸೆ ಚಿತ್ತಾರ ಬರೆಸಿಕೊಂಡು ಹೋದರು. ಈಗ ಅದು ಬೆಂಗಳೂರಿನಲ್ಲಿ ಪ್ರದರ್ಶನಕ್ಕಿದೆಯಂತೆ. ಸಾಲದ್ದಕ್ಕೆ ಸರ್ಕಾರಿ ಶಾಲೆಯ ಹಾಲ್ ಕೂಡ ಕೇಳುತ್ತಿದ್ದಾರೆ. ಜಗಳ ಆಗದ ಹಾಗೆ ಕೇಳುವುದು ಹೇಗೆ?
– ಒಬ್ಬ ಓದುಗಿ

ಉತ್ತರ: ತಂಗಿ, ಮೊದಲು ಆ ಗುಸುಗುಸು ನಿಲ್ಲಿಸಿ. ಸಂಸ್ಥೆಯೊಂದು ಹೊರದೇಶದ ದೇಣಿಗೆ ತೆಗೆದುಕೊಳ್ಳಬೇಕಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ದುಡ್ಡು ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ‘ನಿಮಗೆ ಎಫ್‌ಸಿಆರ್‌ಎ ಇದೆಯಾ?’ ಅಂತ ನೇರವಾಗಿ ಕೇಳಿ. ಅದರಲ್ಲಿ ಅವಮಾನ ಏನೂ ಇಲ್ಲ.

ಆಮೇಲೆ, ಅವರದ್ದು ಸಂಘವೋ ಟ್ರಸ್ಟೋ ತಿಳಿದುಕೊಳ್ಳಿ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಟ್ರಸ್ಟ್ ಆದರೆ ಡೀಡ್, ಅಂದರೆ ಸ್ಥಾಪನಾ ಪತ್ರ ಇರುತ್ತದೆ. ಅದರಲ್ಲಿ ‘ಉದ್ದೇಶಗಳು’ ಅಂತ ಒಂದು ಭಾಗ. ಆಡಿಟ್‌ಗೆ ಹೋದಲ್ಲೆಲ್ಲಾ ನಾನು ಮೊದಲು ತೆಗೆಯುತ್ತಿದ್ದ ಪುಟ ಅದು. ಎಲ್ಲಾ ಕಡೆ ಒಂದೇ ಪಾಠ: ಕಲೆ, ಶಿಕ್ಷಣ, ಪರಿಸರ, ಮಹಿಳೆಯರ ಏಳಿಗೆ. ಅದನ್ನು ತೋರಿಸಿ ‘ನಮ್ಮ ಗುರಿ ಇದೇ’ ಅಂದರೆ ತಲೆ ಆಡಿಸಬೇಡಿ. ಈ ವರ್ಷ, ಈ ಊರಿನಲ್ಲಿ ಏನು ಮಾಡುತ್ತೀರಿ ಅಂತ ಕೇಳಿ. ‘ಊರವರೊಂದಿಗೆ ಸಂವಾದ’ ಅಂದರೆ ಅದು ಆಯಿತೋ ಇಲ್ಲವೋ ಅಂತ ದೇವರೇ ಹೇಳಬೇಕು. ‘ಶನಿವಾರ ಶಾಲೆ ಬಿಟ್ಟ ಮೇಲೆ ಐದನೇ ಕ್ಲಾಸಿನವರಿಗೆ ಮಣ್ಣಿನ ಕೆಲಸ ಕಲಿಸುತ್ತೇವೆ’ ಅಂದರೆ ಮಾರ್ಚ್ ಹೊತ್ತಿಗೆ ಮಕ್ಕಳೇ ಹೇಳುತ್ತಾರೆ.

ಕೇಳುವ ಜಾಗ ಗ್ರಾಮಸಭೆ, ಚಹಾ ಅಂಗಡಿಯಲ್ಲ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಪಂಚಾಯತಿಯ ಪಿಡಿಒಗೆ (ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಟ್ಟು ವಿಷಯ ಸೇರಿಸಿ, ರೆಸಿಡೆನ್ಸಿಯವರನ್ನೂ ಕರೆಯಿರಿ. ಅವರಿರುವುದು ಖಾಸಗಿ ಮನೆಯಲ್ಲಿ, ಬರಲೇಬೇಕು ಅಂತ ಒತ್ತಾಯ ಮಾಡಲಾಗದು. ಶಾಲೆಯ ಹಾಲ್ ವಿಷಯ ಬೇರೆ. ಅದು ಊರಿನ ಸ್ವತ್ತು. ಕೋರಿಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಗೆ ಬರಲಿ. ಎಷ್ಟು ದಿನ, ಕರೆಂಟ್ ಬಿಲ್ ಯಾರದ್ದು, ಕಸ ಯಾರು ತೆಗೆಯುತ್ತಾರೆ, ಎಲ್ಲಾ ನಡವಳಿ ಪುಸ್ತಕದಲ್ಲಿ ಬರೆದಿರಲಿ. ಆ ಪುಟದ ನಕಲನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಅರ್ಜಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಆದರೆ ಸರ್ಕಾರದ ದೊಡ್ಡ ಅನುದಾನ ಇಲ್ಲದ ಖಾಸಗಿ ಟ್ರಸ್ಟಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಇನ್ನು ಅತ್ತೆಯವರ ಚಿತ್ತಾರ. ಇಲ್ಲಿಗೆ ಬಂದಾಗ ನನಗೆ ಸಿಟ್ಟೇ ಬಂತು. ಕೆಮ್ಮಣ್ಣು ಸಾರಿಸಿ, ಅಕ್ಕಿ ನೆನೆಹಾಕಿ ಅರೆದು, ಹಳದಿಗೆ ಗುರಿಗೆ ಕಾಯಿ ಹುಡುಕಿ, ಪುಂಡಿ ನಾರಿನ ಕುಂಚ ಕಟ್ಟಿಕೊಂಡು, ಕೈ ನಡುಗದ ಹಾಗೆ ಒಂದೊಂದೇ ಎಳೆ ಎಳೆಯುವ ಕೆಲಸ ಅದು. ದೀವರ ಸಮುದಾಯದ ಹೆಂಗಸರು ಮದುವೆಯ ಹಸೆಗೋಡೆಗೆ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆಯುತ್ತಾ ಬರೆಯುತ್ತಾ ಉಳಿಸಿಕೊಂಡು ಬಂದದ್ದು. ಅದನ್ನು ವರದಿಯಲ್ಲಿ ‘ಸ್ಥಳೀಯರ ಸಹಭಾಗಿತ್ವ’ ಅಂತ ಬರೆದು, ಗೌರವಧನ ಮಾತ್ರ ಹೊರಗಿನಿಂದ ಬಂದ ಕಲಾವಿದರಿಗೆ ಕೊಟ್ಟರೆ ಅದು ಬಿಟ್ಟಿ ಚಾಕರಿ, ಅಲ್ವಾ?

ಚಿತ್ತಾರದ ಸಂಪ್ರದಾಯ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಅತ್ತೆಯವರು ತಮ್ಮದೇ ರೀತಿಯಲ್ಲಿ ಬರೆದುಕೊಟ್ಟ ಆ ಚಿತ್ರ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವರ ಕೃತಿ. ಒಂದು ಎಚ್ಚರ ಮಾತ್ರ ಇರಲಿ. ದುಡ್ಡು ಕೊಟ್ಟು ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೃತಿಸ್ವಾಮ್ಯ ಬರೆಸಿದವರ ಪಾಲಾಗುತ್ತದೆ. ಹಾಗಾಗಿ ಇನ್ನು ಮೇಲೆ ಕೂಲಿ ತೆಗೆದುಕೊಳ್ಳುವ ಮೊದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಪ್ರಿಂಟ್ ಹಾಕಿದರೆ, ಮಾರಿದರೆ ಅತ್ತೆಯವರ ಪಾಲೆಷ್ಟು ಅಂತ. ಹೆಸರು ಹಾಕಿಸಿಕೊಳ್ಳುವ ಹಕ್ಕಂತೂ ಯಾವತ್ತೂ ಬರೆದವರದ್ದೇ. ಈಗಿನ ಪ್ರದರ್ಶನದಲ್ಲಿ ಅವರ ಹೆಸರು ಇದೆಯಾ ಅಂತ ಇವತ್ತೇ ಫೋನ್ ಮಾಡಿ ಕೇಳಿ.

ನಿಮ್ಮ ತಾಲ್ಲೂಕಿನ ಹೆಗ್ಗೋಡನ್ನೇ ನೋಡಿ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ, ಊರವರೇ ನಾಟಕ ಆಡಿಕೊಂಡು. ಹೊರಗಿನ ಹುಡುಗ ಹುಡುಗಿಯರು ಬಂದು ಇದ್ದು ಕಲಿಯುವ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಅಷ್ಟೊತ್ತಿಗೆ ಊರಿಗೆ ನಾಟಕ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರೂ ಹಾಗೆ ಮೂವತ್ತು ವರ್ಷ ಕಾಯಲಿ ಅಂತ ನಾನು ಹೇಳುವುದಿಲ್ಲ. ಆದರೆ ಮುಂದಿನ ಸಲ ಯಾವ ಕಲಾವಿದರನ್ನು ಕರೆಸಬೇಕು ಅಂತ ಆರಿಸುವಾಗ ಊರಿನ ಇಬ್ಬರನ್ನು ಕೂರಿಸಿಕೊಳ್ಳಲಿ. ಒಬ್ಬರು ನಿಮ್ಮ ಅತ್ತೆಯೇ ಆಗಬಹುದು. ಕೊನೇ ದಿನದ ಕಾರ್ಯಕ್ರಮಕ್ಕೆ ಕುರ್ಚಿ ತುಂಬಿಸುವುದಕ್ಕೆ ಊರು ಬೇಕು, ಆರಿಸುವುದಕ್ಕೆ ಬೇಡ ಅಂದರೆ ಹೇಗೆ?

ಪ್ರಶ್ನೆ: ನಾವು ಗೆಳೆಯರು ಧಾರವಾಡದ ಹತ್ತಿರ ಒಂದು ಹಳ್ಳಿಯಲ್ಲಿ ಇಂಥದ್ದೇ ರೆಸಿಡೆನ್ಸಿ ಮಾಡಬೇಕು ಅಂತಿದ್ದೇವೆ. ದಾನಿಗಳಿಗೆ ಲೆಕ್ಕ ಕೊಟ್ಟೇ ಕೊಡುತ್ತೇವೆ. ಊರಿಗೂ ತೋರಿಸಬೇಕಾ?
– ಒಬ್ಬ ಓದುಗ

ಉತ್ತರ: ಕಾನೂನು ಒತ್ತಾಯ ಮಾಡುವುದಿಲ್ಲ. ಆದರೂ ತೋರಿಸಿ. ದಾನಿಗಳಿಗೆ ಕಳಿಸುವ ಇಂಗ್ಲಿಷ್ ವರದಿ ಬೇಡ. ಕನ್ನಡದಲ್ಲಿ ಒಂದೇ ಹಾಳೆ, ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಬಂದ ದುಡ್ಡು, ಮನೆ ಬಾಡಿಗೆ, ಕಲಾವಿದರ ಗೌರವಧನ, ಅಡುಗೆಯವರ ಸಂಬಳ. ಬೆಳಿಗ್ಗೆ ಕ್ಯಾನ್ ಹಿಡಿದು ಸರದಿಯಲ್ಲಿ ನಿಂತವರು ಓದಿಯೇ ಓದುತ್ತಾರೆ. ಅಡುಗೆ ಮಾಡುವಾಕೆಯ ಸಂಬಳ ಬರೆಯಲು ಮುಜುಗರ ಆದರೆ ಮೊದಲು ಅದನ್ನು ಜಾಸ್ತಿ ಮಾಡಿ, ಆಮೇಲೆ ಅಂಟಿಸಿ.